ಧಾರಾಪೂರ್ವಕ

ಭೂಮಿಯನ್ನೋ ಸುಂಕದ ಆದಾಯವನ್ನೋ ದತ್ತಿ ಬಿಡುವಾಗ ನೀರೆರೆದು ಹಕ್ಕನ್ನು ಒಪ್ಪಿಸುತ್ತಿದ್ದ ವಿಧಿಗೆ ಕನ್ನಡ ಶಾಸನಗಳಲ್ಲಿರುವ ಹೆಸರು ಧಾರಾಪೂರ್ವಕ. ನೀರಧಾರೆ ಮೊದಲು, ದಾನ ಆಮೇಲೆ ಎಂಬುದು ಪದದ ಅರ್ಥ. ಸಂಸ್ಕೃತ ತಾಮ್ರಪಟಗಳ ‘ಉದಕಪೂರ್ವ’ವೂ ಇದೇ. ಆಚರಣೆ ಇನ್ನೂ ಹಳೆಯದು: ಕ್ರಿ.ಪೂ. 2ನೆಯ ಶತಮಾನದ ಭಾರ್ಹುತ್ ಶಿಲ್ಪದಲ್ಲಿ ಬುದ್ಧನಿಗೆ ಜೇತವನವನ್ನು ಒಪ್ಪಿಸುವ ಅನಾಥಪಿಂಡಿಕನ ಕೈಯಲ್ಲಿ ನೀರಿನ ಪಾತ್ರೆಯಿದೆ.

ಶಿಕಾರಿಪುರ ತಾಲ್ಲೂಕು ಮತ್ತು ನೆರೆಯ ಸೊರಬ ದತ್ತಿಶಾಸನಗಳ ಗಣಿ. ಬಿ. ಎಲ್. ರೈಸ್ ಇವನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ ಕಾಳಾಮುಖ ಶೈವ ಗುರುಗಳಿಗೆ ಸಂದ ದತ್ತಿಗಳೂ ಇವುಗಳಲ್ಲಿವೆ. ಇಂಥ ಶಾಸನಗಳ ನಡೆ ಬಹುಮಟ್ಟಿಗೆ ಒಂದೇ: ಆಳುವ ಅರಸ, ದಾನಿ, ತಿಥಿ, ಬಳಿಕ ಪಡೆಯುವವರ ‘ಕಾಲಂ ಕರ್ಚಿ’ (ಕಾಲು ತೊಳೆದು) ಧಾರೆ, ಆಮೇಲೆ ಎಲ್ಲೆಗಳು, ತೆರಿಗೆ ವಿನಾಯಿತಿ, ದತ್ತಿಯನ್ನು ಕೆಡಿಸಿದವರಿಗೆ ಶಾಪ. ಪುಣ್ಯಕ್ಕಾಗಿ ಮಾಡಿದ ಪೂಜಾವಿಧಿಯಷ್ಟೇ ಈ ಧಾರೆ ಎನ್ನಬಹುದು. ಆದರೆ ಶ್ರವಣಬೆಳಗೊಳದ ಜೈನ ದತ್ತಿಗಳಲ್ಲೂ ಇದೇ ಮಾತು ಬರುತ್ತದೆ. ಮತ ಬೇರೆಯಾದರೂ ವಿಧಿ ಬದಲಾಗಲಿಲ್ಲವೆಂದರೆ ಅದು ಹಕ್ಕಿನ ವರ್ಗಾವಣೆಗೆ ಬೇಕಾದ ಕ್ರಮವೂ ಆಗಿತ್ತೆನ್ನಬೇಕು.

ಇದಕ್ಕೆ ಗಟ್ಟಿ ಆಧಾರ ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರದಲ್ಲಿದೆ. ಬಳ್ಳಿಗಾವೆಯನ್ನೂ ಆಳಿದ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ಅದರ ಕರ್ತೃ ವಿಜ್ಞಾನೇಶ್ವರ, ಭೂಮಿ ಕೈಬದಲಾಗಲು ಆರು ಅಂಗಗಳನ್ನು ಹೇಳುವ ಸ್ಮೃತಿವಾಕ್ಯವನ್ನು ವಿವರಿಸುತ್ತಾನೆ: ಊರು, ಜ್ಞಾತಿಗಳು, ನೆರೆಹೊಲದವರು, ದಾಯಾದಿಗಳು ಇವರ ಒಪ್ಪಿಗೆ, ಜತೆಗೆ ಹೊನ್ನು ಮತ್ತು ನೀರು. ಊರಿನ ಒಪ್ಪಿಗೆ ವ್ಯವಹಾರ ಬಹಿರಂಗವಾಗಲೆಂದು, ನೆರೆಯವರದು ಎಲ್ಲೆಯ ತಕರಾರು ಬಾರದಿರಲೆಂದು. ಸ್ಥಾವರದ ವಿಕ್ರಯಕ್ಕೆ ನಿಷೇಧವಿದ್ದುದರಿಂದ ಮಾರಾಟವನ್ನೂ ಹೊನ್ನು, ನೀರು ಕೊಟ್ಟು ದಾನದ ರೂಪದಲ್ಲೇ ನಡೆಸಬೇಕೆಂಬುದು ಅವನ ಸಮಾಧಾನ. ಮಾರಾಟಕ್ಕೂ ಬೇಕಾದ ನೀರು ಕೇವಲ ಪುಣ್ಯದ ಗುರುತಾಗಿರಲಾರದು.

ಲಿಪಿಕಾರರು ಹಳೆಯ ಸೂತ್ರವನ್ನು ಯಾಂತ್ರಿಕವಾಗಿ ನಕಲು ಮಾಡಿದರು, ಪ್ರತಿಸಲವೂ ನೀರೆರೆದರೆಂದು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆ ಮಾತು ಬಿಟ್ಟರೆ ದತ್ತಿ ಅಪೂರ್ಣವೆನಿಸುತ್ತಿದ್ದುದರಿಂದಲೇ ನಕಲು ಅಗತ್ಯವಾಯಿತು. ಇಂದಿನ ಕ್ರಯಪತ್ರದ ವಾಕ್ಯಗಳೂ ಅಚ್ಚುಹೊಯ್ದಂತೆಯೇ ಇರುತ್ತವೆ. ವಿಜಯನಗರ ಕಾಲದ ಶಾಸನಗಳು ‘ಸಹಿರಣ್ಯೋದಕ ದಾನ ಧಾರಾಪೂರ್ವಕ’ ಎಂದು ಹೊನ್ನನ್ನೂ ಸೇರಿಸಿ ಹೇಳಿದವು. ಜಮೀನಿನ ಹಕ್ಕು ನೋಂದಣಿ ಕಚೇರಿಗೆ ಸಾಗಿದ ಮೇಲೆ ಧಾರೆ ಮುಖ್ಯವಾಗಿ ಮದುವೆಯಲ್ಲಿ ಉಳಿಯಿತು. ಎಲ್ಲೆ, ಸಾಕ್ಷಿ, ತೆರಿಗೆಗಳ ಲೆಕ್ಕ ಕಳಚಿ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬ ಅರ್ಥವಷ್ಟೇ ಇಂದಿನ ‘ಧಾರೆಯೆರೆ’ ಎಂಬ ನುಡಿಗಟ್ಟಿನಲ್ಲಿ ನಿಂತಿದೆ.