ಅಂಗೈ ಗಣಕದ ಬೀಗದ ಕೈ ಯಾರ ಬಳಿ?

ಮೊಬೈಲಿಗೆ ಹೊಸ ಆ್ಯಪ್ ಹಾಕಿಕೊಂಡಾಗ ಅದು ‘ಕ್ಯಾಮೆರಾ ಬಳಸಲೇ? ಫೋನಿನಲ್ಲಿರುವ ನಂಬರುಗಳನ್ನು ನೋಡಲೇ?’ ಎಂದು ಕೇಳುತ್ತದೆ. ನಾವು ಓದದೆಯೇ ಒಪ್ಪಿಗೆ ಒತ್ತಿಬಿಡುತ್ತೇವೆ. ಆದರೆ ಹೀಗೆ ಕೇಳುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ.

1996ರಲ್ಲಿ ಅಮೆರಿಕದಲ್ಲಿ ‘ಪೈಲಟ್’ ಎಂಬ ಅಂಗೈ ಗಣಕ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್, ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿ ನೋಡಿದ್ದರು. ಮೊದಲ ಮಾದರಿಯ ಸ್ಮೃತಿ ಬರೀ 128 ಕಿಲೋಬೈಟ್. ಅದಕ್ಕೆ ಯಾರು ಬೇಕಾದರೂ ತಂತ್ರಾಂಶ ಬರೆಯಬಹುದಿತ್ತು, ಕಂಪನಿಯ ಅಪ್ಪಣೆ ಬೇಕಿರಲಿಲ್ಲ. ಆದರೆ ಒಂದು ತಂತ್ರಾಂಶಕ್ಕೂ ಇನ್ನೊಂದಕ್ಕೂ ನಡುವೆ ಗೋಡೆ ಇರಲಿಲ್ಲ. ಒಂದು ಕೆಟ್ಟರೆ ಇಡೀ ಯಂತ್ರವೇ ನಿಂತುಬಿಡುತ್ತಿತ್ತು. ಸ್ವಾತಂತ್ರ್ಯ ಬರೆದವರದು, ನಷ್ಟ ಬಳಸಿದವರದು.

2007ರಲ್ಲಿ ಬಂದ ಐಫೋನ್ ಇದಕ್ಕೆ ತದ್ವಿರುದ್ಧ. ಹೊರಗಿನವರು ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನಷ್ಟೇ ಮಾಡಬಹುದಿತ್ತು. 2008ರ ಜುಲೈಯಲ್ಲಿ ಆ್ಯಪ್ ಸ್ಟೋರ್ ತೆರೆಯಿತಾದರೂ ಪ್ರತಿಯೊಂದು ಆ್ಯಪನ್ನೂ ಆಪಲ್ ಪರೀಕ್ಷಿಸಿ ಒಪ್ಪಬೇಕು, ಮಾರಿದ ಹಣದಲ್ಲಿ ಶೇ. 30 ಅದಕ್ಕೇ ಎಂಬ ಕಟ್ಟಳೆಯಾಯಿತು. ಅದೇ ವರ್ಷ ಬಂದ ಆಂಡ್ರಾಯ್ಡ್ ಬರೆಯುವವರಿಗೆ ಹೆಚ್ಚು ಬಿಡುಗಡೆ ಕೊಟ್ಟಿತು. ಆದರೆ ಅಲ್ಲಿ ಆ್ಯಪ್ ಕೇಳಿದ್ದಕ್ಕೆಲ್ಲ ಒಪ್ಪಬೇಕು, ಇಲ್ಲವೇ ಆ್ಯಪನ್ನೇ ಬಿಡಬೇಕು ಎಂಬಂತಿತ್ತು. ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಎನ್ನುವ ಅವಕಾಶ ಬಂದದ್ದು 2015ರ ಆಂಡ್ರಾಯ್ಡ್ 6.0ರಲ್ಲಿ.

ಈ ಜಗಳ ನಮ್ಮ ಭಾಷೆಗೂ ತಟ್ಟಿದೆ. ಕಂಪನಿ ಕೊಡದ ಕೀಲಿಮಣೆಯನ್ನು ಹೊರಗಿನವರು ಮಾಡಿಕೊಡಲು ಆಂಡ್ರಾಯ್ಡ್ 2009ರಲ್ಲೇ ಬಾಗಿಲು ತೆರೆಯಿತು. ಐಫೋನ್ ತೆರೆದದ್ದು 2014ರಲ್ಲಿ. ಕನ್ನಡದಂಥ ಭಾಷೆಗೆ ಇಂಥ ಬಾಗಿಲು ಬಹಳ ದೊಡ್ಡದು. ಆದರೆ ಕೀಲಿಮಣೆಯ ಮೂಲಕ ನಾವು ಬರೆಯುವ ಪ್ರತಿ ಅಕ್ಷರವೂ ಹಾದುಹೋಗುತ್ತದೆ. ಅದಕ್ಕೆಂದೇ ಐಫೋನಿನಲ್ಲಿ ಹೊರಗಿನ ಕೀಲಿಮಣೆಗೆ ಗುಪ್ತಪದದ ಜಾಗದಲ್ಲಿ ಪ್ರವೇಶವಿಲ್ಲ. ನಾವು ಒಪ್ಪದೆ ಅದು ಇಂಟರ್‌ನೆಟ್ಟಿಗೂ ಹೋಗುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬರೆಯುವವರ ಕೈ ಕಟ್ಟಿದ ಮಾತ್ರಕ್ಕೆ ಅಧಿಕಾರ ಬಳಸುವವರಿಗೆ ಬರುವುದಿಲ್ಲ, ಎಷ್ಟೋ ಸಲ ಅದು ಕಂಪನಿಯ ಬಳಿಯೇ ಉಳಿಯುತ್ತದೆ. 2024ರಲ್ಲಿ ಐರೋಪ್ಯ ಒಕ್ಕೂಟದ ಕಾನೂನಿಗೆ ಮಣಿದು, ಅಲ್ಲಿನ ಐಫೋನುಗಳಲ್ಲಿ ಬೇರೆಯವರ ಆ್ಯಪ್ ಅಂಗಡಿಗಳಿಗೂ ಆಪಲ್ ಜಾಗ ಕೊಡಬೇಕಾಯಿತು.

ಪಾಠಕ್ಕೂ ಮನೆಗೆಲಸಕ್ಕೂ ಮಕ್ಕಳ ಕೈಗೆ ಫೋನು ಕೊಡುವವರು ನಾವೇ. ‘ಒಪ್ಪಿಗೆ’ ಒತ್ತುವ ಮುನ್ನ, ‘ಇದಕ್ಕೆ ಇದು ಯಾಕೆ ಬೇಕು?’ ಎಂದು ಕೇಳುವುದನ್ನೂ ನಾವೇ ಕಲಿಸೋಣ. ಕ್ಯಾಲ್ಕುಲೇಟರಿಗೆ ನಮ್ಮ ಬಂಧುಬಳಗದ ಫೋನ್ ನಂಬರುಗಳೇಕೆ?