ರೂಪಕಚಿತ್ರ

ಕಣ್ಣಿಗೆ ಕಾಣದ ತತ್ತ್ವವನ್ನೋ ನಾಡನ್ನೋ ಮನುಷ್ಯರೂಪದಲ್ಲಿ ತೋರುವ ಚಿತ್ರ. ಕೈಯಲ್ಲಿರುವ ವಸ್ತು, ಉಡುಗೆ, ಬಣ್ಣಗಳೇ ಇಲ್ಲಿ ಗುರುತು. ವೀಣೆ, ಪುಸ್ತಕ ಕಂಡೊಡನೆ ಸರಸ್ವತಿ ಎನ್ನುವವರಿಗೆ ಈ ಬಗೆಯ ಓದು ಹೊಸದಲ್ಲ.

ಫ್ರಾನ್ಸಿನಲ್ಲಿ ಇದಕ್ಕೆ ಹೆಸರಾದ ಕೃತಿ ಯೂಜೆನ್ ದೆಲಕ್ರ್ವಾನ ‘ಜನರನ್ನು ಮುನ್ನಡೆಸುವ ಸ್ವಾತಂತ್ರ್ಯ’ (1830). ಆ ವರ್ಷ ಜುಲೈ 27ರಿಂದ 29ರವರೆಗೆ ಪ್ಯಾರಿಸ್ಸಿನ ಜನ ದಂಗೆಯೆದ್ದರು. ದೊರೆ ಹತ್ತನೆಯ ಚಾರ್ಲ್ಸ್ ಪಟ್ಟ ಬಿಟ್ಟ. ಆ ದಂಗೆಯನ್ನು ತೋರುವ ಚಿತ್ರದ ನಡುವಿನ ಹೆಣ್ಣು ಸ್ವಾತಂತ್ರ್ಯ. ಒಂದು ಕೈಯಲ್ಲಿ ತ್ರಿವರ್ಣಧ್ವಜ, ಇನ್ನೊಂದರಲ್ಲಿ ಬಂದೂಕು; ತಲೆಯ ಮೇಲಿನ ಟೋಪಿ ಪ್ರಾಚೀನ ರೋಮಿನಲ್ಲಿ ಬಿಡುಗಡೆ ಪಡೆದ ಗುಲಾಮರ ನೆನಪನ್ನು ಹೊತ್ತದ್ದು. ಇಷ್ಟು ಗುರುತಿಸಿದರೆ ಚಿತ್ರ ಅರ್ಧ ಮಾತ್ರ ತಿಳಿದಂತೆ. ದೇವತೆಯಂಥ ಅವಳು ಕಾಲಿಡುತ್ತಿರುವುದು ಹೆಣಗಳ ನಡುವೆ. ಬಟ್ಟೆ ಕಳಚಿದ ಒಬ್ಬನ ಕಾಲಲ್ಲಿ ಒಂದೇ ಕಾಲುಚೀಲ ಉಳಿದಿದೆ. ಪಕ್ಕದಲ್ಲಿ ಎರಡು ಪಿಸ್ತೂಲು ಹಿಡಿದ ಹುಡುಗ, ಹಿಂದೆ ಹೊಗೆ. ಗೆಲುವಿನ ಚಿತ್ರವಾದರೂ ಅದರಲ್ಲಿ ಹಿಗ್ಗಿಲ್ಲ. ಕೆಂಪು, ಬಿಳಿ, ನೀಲಿ ಬಿಟ್ಟರೆ ಉಳಿದದ್ದೆಲ್ಲ ಮಂಕು. ಗೆಲುವಿನೊಳಗಿನ ಈ ವಿಷಾದಭಾವವೇ ಕೃತಿಯ ನಿಜವಾದ ಶಕ್ತಿ. 1831ರ ಪ್ರದರ್ಶನದಲ್ಲಿ ಕೆಲವರು ಆ ಹೆಣ್ಣನ್ನು ಕೊಳಕಿ ಎಂದು ಹಳಿದದ್ದೂ ಅವಳು ಬೀದಿಯ ಧೂಳು ಮೆತ್ತಿಕೊಂಡಿದ್ದರಿಂದಲೇ. ಸರ್ಕಾರ 3,000 ಫ್ರಾಂಕಿಗೆ ಕೊಂಡು, ಜನರನ್ನು ಕೆರಳಿಸೀತೆಂದು ಮರೆಮಾಡಿತು. 1874ರಲ್ಲಷ್ಟೇ ಅದು ಲೂವ್ರ್ ಸಂಗ್ರಹಾಲಯ ಸೇರಿತು. 2024ರಲ್ಲಿ ಹಳದಿಗಟ್ಟಿದ ವಾರ್ನಿಶ್ ತೆಗೆದಾಗ ಬಣ್ಣಗಳು ಮತ್ತೆ ಕಾಣಿಸಿದವು.

ಭಾರತದಲ್ಲಿ ಅವನೀಂದ್ರನಾಥ ಠಾಕೂರರ ‘ಭಾರತಮಾತೆ’ (1905) ಇದೇ ಪ್ರಕಾರಕ್ಕೆ ಸೇರಿದರೂ ಭಾವ ಬೇರೆ. ನಾಲ್ಕು ಕೈಗಳಲ್ಲಿ ಪುಸ್ತಕ, ತೆನೆ, ಬಟ್ಟೆ, ಜಪಮಾಲೆ. ಆಯುಧವಿಲ್ಲ, ಜನರೂ ಇಲ್ಲ.

ಪುಣೆ ಬಳಿಯ ನಿಗಡಿಯ ‘ಭಕ್ತಿ ಶಕ್ತಿ’ ಶಿಲ್ಪ ಚಿತ್ರವಲ್ಲವಾದರೂ ಇಲ್ಲಿ ಹೇಳಬೇಕಾದದ್ದು. ಸಂತ ತುಕಾರಾಮರೂ ಶಿವಾಜಿಯೂ ಅಲ್ಲಿ ಎದುರುಬದುರಾಗಿದ್ದಾರೆ. ದೆಲಕ್ರ್ವಾ ತತ್ತ್ವವೊಂದಕ್ಕೆ ಮೈ ಕೊಟ್ಟ. ಇಲ್ಲಿ ಬದುಕಿ ಬಾಳಿದ ಇಬ್ಬರಿಗೆ ತತ್ತ್ವದ ಹೆಸರು ಬಂದಿದೆ. ತುಕಾರಾಮರ ದೇಹೂ ಹತ್ತಿರದಲ್ಲೇ ಇದೆ; ಆಷಾಢದ ಪಾದಯಾತ್ರೆಯಾದ ವಾರಿಗೆ ಅಲ್ಲಿಂದ ಹೊರಟ ಅವರ ಪಲ್ಲಕ್ಕಿ ನಿಗಡಿಯ ಮೂಲಕವೇ ಆಕುರ್ಡಿಯ ತಂಗುದಾಣಕ್ಕೆ ಹೋಗುತ್ತದೆ. ಹಾಗಾಗಿ ಆ ಯಾತ್ರೆಯ ಭಕ್ತರಾದ ವಾರಕರಿಗಳು ಈ ಶಿಲ್ಪದಲ್ಲಿ ಮೊದಲು ಕಾಣುವುದು ತಮ್ಮ ತುಕೋಬನನ್ನು, ಸಂಕೇತ ಆಮೇಲೆ.