ಬೊಲೋನ್ಯದ ಪರದೇಶಿಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಬೇರೆ ನಾಡಿನವನು ಎಂಬುದರ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ವರ್ಗಾವಣೆಯ ಆದೇಶ ಹಿಡಿದು ಊರೂರು ಸುತ್ತುವ ನಮ್ಮಂಥವರಿಗೆ ಈ ಎರಡರ ನಡುವಿನ ಅಂತರ ಎಷ್ಟು ಕಿರಿದೆಂಬುದು ಬಾಡಿಗೆ ಮನೆ ಹುಡುಕುವ ಮೊದಲ ವಾರದಲ್ಲೇ ತಿಳಿದುಬಿಡುತ್ತದೆ. ಇಟಲಿಯ ಬೊಲೋನ್ಯ ನಗರದ ವಿದ್ಯಾರ್ಥಿಗಳಿಗೂ ಎಂಟುನೂರು ವರ್ಷಗಳ ಹಿಂದೆ ಇದು ತಿಳಿದಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರದ ಹೆಸರೇ ವಿಶ್ವವಿದ್ಯಾಲಯ.

ಬೊಲೋನ್ಯ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088ಕ್ಕೆ ಒಯ್ಯುತ್ತದೆ. ಆ ವರ್ಷ ಯಾರೂ ಅಡಿಗಲ್ಲು ಇಟ್ಟದ್ದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಂಟುನೂರನೆಯ ವರ್ಷದ ಉತ್ಸವಕ್ಕೆಂದು ನಿಶ್ಚಯಿಸಿಕೊಂಡ ತಾರೀಖು ಅದು. ನಿಜವಾಗಿ ಇದ್ದದ್ದು ರೋಮನ್ ಕಾನೂನನ್ನು ಬೋಧಿಸುವ ಕೆಲವು ಪಂಡಿತರು, ಅವರನ್ನು ಅರಸಿ ಆಲ್ಪ್ಸ್ ದಾಟಿ ಬಂದ ತರುಣರು. ಆ ಕಾಲದ ನಗರಗಳಲ್ಲಿ ಕಾನೂನಿನ ಪೂರ್ಣ ರಕ್ಷಣೆ ಅಲ್ಲಿಯ ನಾಗರಿಕನಿಗೆ ಮಾತ್ರ. ಜರ್ಮನಿಯ ವ್ಯಾಪಾರಿಯೊಬ್ಬ ಸಾಲ ತೀರಿಸದೆ ಹೋದರೆ ಅದೇ ನಾಡಿನ ಮತ್ತೊಬ್ಬನನ್ನು ಹಿಡಿದು ವಸೂಲು ಮಾಡುವ ಪದ್ಧತಿಯಿತ್ತು. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ವಿದ್ಯಾರ್ಥಿಗಳನ್ನು ಇದರಿಂದ ಪಾರುಮಾಡುವ ಶಾಸನ ಹೊರಡಿಸಿದ. ಆದರೆ ಚಕ್ರವರ್ತಿ ದೂರದವನು, ಮನೆಯ ಮಾಲೀಕ ಹತ್ತಿರದವನು. ಹುಡುಗರು ನಾಡುವಾರು ಗುಂಪು ಕಟ್ಟಿದರು. ಅವು ಕೂಡಿ ಆಲ್ಪ್ಸ್ ಆಚೆಯವರದೊಂದು, ಈಚೆಯವರದೊಂದು ಮಹಾಸಂಘವಾಯಿತು. ‘ಯೂನಿವರ್ಸಿಟಾಸ್’ ಎಂದರೆ ಆಗ ಇಷ್ಟೇ ಅರ್ಥ: ಸಂಘ. ಬೊಲೋನ್ಯದಲ್ಲೇ ಹುಟ್ಟಿದ ವಿದ್ಯಾರ್ಥಿಗೆ ಅದರಲ್ಲಿ ಪೂರ್ಣ ಸದಸ್ಯತ್ವವಿರಲಿಲ್ಲ. ಅವನಿಗೆ ಊರೇ ಇತ್ತಲ್ಲ!

ಮನೆಬಾಡಿಗೆಯನ್ನು ನಗರದವರೂ ವಿದ್ಯಾರ್ಥಿಗಳೂ ಕೂಡಿ ನಿಗದಿಮಾಡುವಂತಾಯಿತು. ಅಧ್ಯಾಪಕರಿಗೆ ಸಂಬಳ ಕೊಡುತ್ತಿದ್ದವರು ವಿದ್ಯಾರ್ಥಿಗಳೇ ಆದ್ದರಿಂದ ಶಿಸ್ತೂ ಅವರದೇ. ಪಾಠ ತಡವಾಗಿ ಆರಂಭಿಸಿದರೆ ದಂಡ, ಗಂಟೆ ಬಾರಿಸಿದ ಮೇಲೂ ಮುಂದುವರಿಸಿದರೆ ದಂಡ. ಕೇಳಲು ಐವರಾದರೂ ಬಾರದಿದ್ದರೆ ಗುರುಗಳೇ ಗೈರುಹಾಜರೆಂದು ಲೆಕ್ಕ. ಒಂದು ದಿನದ ರಜೆಗೂ ಅಪ್ಪಣೆ ಬೇಕು. ಊರು ಬಿಟ್ಟು ಹೋಗುವುದಾದರೆ ಮರಳಿ ಬರುವ ಭರವಸೆಗೆ ಠೇವಣಿ. ಬೆಳಗ್ಗೆ ಹಾಜರಿ ಯಂತ್ರಕ್ಕೆ ಬೆರಳೊತ್ತುವ ನಮಗೆ ಆ ಪಂಡಿತರ ಮೇಲೆ ಕನಿಕರ ಹುಟ್ಟುವುದು ಸಹಜವೇ.

ಇವರ ದೊಡ್ಡ ಅಸ್ತ್ರವೆಂದರೆ ಗುಳೆ. ಸ್ವಂತ ಕಟ್ಟಡವಿಲ್ಲದ ವಿಶ್ವವಿದ್ಯಾಲಯಕ್ಕೆ ಹೊತ್ತೊಯ್ಯಲು ಪುಸ್ತಕಗಳಷ್ಟೇ ಇದ್ದವು. 1222ರಲ್ಲಿ ಮುನಿದು ಹೊರಟವರಿಂದ ಪಾದುವ ವಿಶ್ವವಿದ್ಯಾಲಯ ಹುಟ್ಟಿತು. 1321ರಲ್ಲಿ ಒಬ್ಬ ವಿದ್ಯಾರ್ಥಿಗೆ ಮರಣದಂಡನೆಯಾದಾಗ ಬಹಳ ಮಂದಿ ಸಿಯೆನಾಕ್ಕೆ ನಡೆದರು. ಅವರು ಹೋದರೆ ಬಾಡಿಗೆಯೂ ಹೋಗುತ್ತದೆಂದು ನಗರಕ್ಕೆ ಗೊತ್ತಿತ್ತು. ಬೊಲೋನ್ಯದ ಪ್ರಸಿದ್ಧ ಪೋರ್ಟಿಕೋಗಳ, ಅಂದರೆ ಕಂಬಸಾಲಿನ ಮೊಗಸಾಲೆಗಳ, ಹಿಂದೆಯೂ ಈ ಬಾಡಿಗೆಯಿದೆ. ಜನ ಹೆಚ್ಚಿದಂತೆ ಮಹಡಿಯ ಕೋಣೆಗಳನ್ನು ಬೀದಿಯ ಮೇಲಕ್ಕೆ ಚಾಚಿ ಕೆಳಗೆ ಕಂಬ ಕೊಟ್ಟರು. 1288ರಲ್ಲಿ ಅದನ್ನೇ ಕಡ್ಡಾಯಮಾಡಿದರು. ಈಗ ಅವುಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರು. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು.

ಹದಿಮೂರನೆಯ ಶತಮಾನದ ಕೊನೆಯಿಂದ ನಗರವೇ ಅಧ್ಯಾಪಕರಿಗೆ ಸಂಬಳ ಕೊಡತೊಡಗಿತು. ಸಂಘದ ಅಧಿಕಾರ ಸದ್ದಿಲ್ಲದೆ ಕರಗಿತು. 1563ರಲ್ಲಿ ಆರ್ಕಿಜಿನ್ನಾಸಿಯೋ ಎಂಬ ಭವನ ತೆರೆದು ಎಲ್ಲರನ್ನೂ ಒಂದೇ ಸೂರಿನಡಿಗೆ ತಂದರು. ಅದರ ಗೋಡೆ, ಕಮಾನುಗಳ ತುಂಬ ಸುಮಾರು ಆರು ಸಾವಿರ ಲಾಂಛನಗಳಿವೆ, ಬಹುಪಾಲು ಓದಲು ಬಂದು ಹೋದ ಹುಡುಗರವು. ಹೆಸರಿನ ಜೊತೆಗೆ ತಾವು ಯಾವ ಊರಿನವರೆಂಬುದನ್ನೂ ಅವರು ಬರೆಸಿದ್ದಾರೆ.